ಬಿಚ್ಚಿ ಹಾಕುವ ಹಲ್ಲಿನ ಸೆಟ್: ಬಾಯಿಯೂ ಕೆಡದಂತೆ, ಸೆಟ್ಟೂ ಹಾಳಾಗದಂತೆ ಇಟ್ಟುಕೊಳ್ಳುವ ಬಗೆ

ರಾತ್ರಿ ಮಲಗುವಾಗ ಸೆಟ್ ಬಿಚ್ಚಿ ನೀರಿನಲ್ಲಿಡಿ. ಹಲ್ಲು ಕಟ್ಟಿಸಿಕೊಂಡವರಿಗೆ ಹೇಳಬೇಕಾದ ಮೊದಲ ಮಾತು ಇದು. ಅಂಗುಳ ಕೆಂಪಾಗುವುದು, ಬಾಯಿ ವಾಸನೆ ಬರುವುದು, ಖಾರ ತಾಗಿದರೆ ಉರಿಯುವುದು ಇವೆಲ್ಲ ಹೆಚ್ಚಾಗಿ ಕಾಣುವುದು ಹಗಲು ರಾತ್ರಿ ಸೆಟ್ ಬಿಚ್ಚದವರಲ್ಲಿ. ಸಡಿಲಾದ ಸೆಟ್ಟನ್ನು ವರ್ಷಗಟ್ಟಲೆ ಸಹಿಸಿಕೊಳ್ಳುವುದು ಮತ್ತು ಮುರಿದದ್ದನ್ನು ಮನೆಯಲ್ಲೇ ಅಂಟಿಸುವುದು ಉಳಿದ ತೊಂದರೆಗಳಿಗೆ ದೊಡ್ಡ ಕಾರಣ. ಮೂರೂ ತಪ್ಪಿಸಬಹುದಾದವು, ಮೂರಕ್ಕೂ ಹೆಚ್ಚು ಖರ್ಚಿಲ್ಲ.

ಸೆಟ್ ಇರುವುದು ಅವ್ವ, ಅಪ್ಪ, ಮುತ್ಯಾನ ಬಾಯಿಯಲ್ಲಾದರೂ ಇದನ್ನು ಮೊಬೈಲಿನಲ್ಲಿ ಓದುವವರು ಮನೆಯ ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ಆದ್ದರಿಂದ ಇಲ್ಲಿನ ಕೆಲವು ಕೆಲಸಗಳನ್ನು ನೀವೇ ಮಾಡಿಕೊಡಬೇಕಾಗುತ್ತದೆ, ಇನ್ನು ಕೆಲವನ್ನು ಪಕ್ಕದಲ್ಲಿ ಕೂತು ತೋರಿಸಿದರೆ ಸಾಕು.

ಸೆಟ್ ಯಾವುದರದ್ದು ಎಂದು ಕೇಳಿ ಬರೆದಿಟ್ಟುಕೊಳ್ಳಿ

ತೊಳೆಯುವ ವಿಧಾನ ಸೆಟ್ಟಿನ ಸಾಮಾನಿನ ಮೇಲೆ ನಿಂತಿದೆ. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು ಮೂರು ಬಗೆ.

ಪೂರ್ತಿ ಸೆಟ್ಟುಗಳಲ್ಲಿ ಹೆಚ್ಚಿನವು ಗುಲಾಬಿ ಬಣ್ಣದ ಅಕ್ರಿಲಿಕ್‌ನವು. ಪುಡಿ ಮತ್ತು ದ್ರವ ಕಲಸಿದ ಹಿಟ್ಟನ್ನು ಅಚ್ಚಿಗೆ ತುಂಬಿ ಬಿಸಿನೀರಿನಲ್ಲಿ ಬೇಯಿಸುತ್ತಾರೆ. 74 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಮಾರು 2 ಗಂಟೆ, ಆಮೇಲೆ 100 ಡಿಗ್ರಿಯಲ್ಲಿ 1 ಗಂಟೆ ಇಡುವುದು ಒಂದು ರೂಢಿಯ ಕ್ರಮ. ಸರಿಯಾಗಿ ಬೆಂದರೆ ಒಳಗೆ ಉಳಿಯುವ ಮಾನೊಮರ್, ಅಂದರೆ ಗಟ್ಟಿಯಾಗದೆ ಉಳಿದ ದ್ರವ, ಬಹಳ ಕಡಿಮೆ. ಲ್ಯಾಬಿನಲ್ಲಿ ಅವಸರ ಮಾಡಿದರೆ ಅದು ಹೆಚ್ಚು ಉಳಿದು ಹೊಸ ಸೆಟ್ಟಿಗೆ ಕಟುವಾಸನೆ ಬರುತ್ತದೆ, ಒಸಡು ಉರಿಯುತ್ತದೆ. ಹೊಸ ಸೆಟ್ಟನ್ನು ಒಂದೆರಡು ದಿನ ನೀರಿನಲ್ಲಿ ನೆನೆಸಿಟ್ಟು, ದಿನಕ್ಕೆರಡು ಸಲ ನೀರು ಬದಲಿಸಿದರೆ ಉಳಿದ ಮಾನೊಮರ್ ಸಾಕಷ್ಟು ಇಳಿಯುತ್ತದೆ. ಲ್ಯಾಬಿನಿಂದ ಬಂದ ಸೆಟ್ಟನ್ನು ನೀರಿನಲ್ಲಿ ನೆನೆಸಿಟ್ಟಿದ್ದರೋ ಇಲ್ಲವೋ ಎಂದು ಡಾಕ್ಟರನ್ನು ಕೇಳಿ.

ಎರಡನೆಯದು ಫ್ಲೆಕ್ಸಿಬಲ್ ಎಂದು ಕರೆಯುವ ನೈಲಾನ್ ಸೆಟ್. ಒಂದೆರಡು ಹಲ್ಲು ಹೋದವರಿಗೆ ಇದನ್ನು ಹೆಚ್ಚು ಕೊಡುತ್ತಾರೆ. ಹಗುರ, ಬಾಗುತ್ತದೆ, ತಂತಿ ಕಾಣುವುದಿಲ್ಲ. ಆದರೆ ಇದರ ಮೇಲ್ಮೈಗೆ ಅಕ್ರಿಲಿಕ್‌ನಷ್ಟು ನುಣುಪು ಬರುವುದಿಲ್ಲ, ಕಲೆ ಬೇಗ ಹಿಡಿಯುತ್ತದೆ. ಸಡಿಲಾದರೆ ಒಳಗೆ ಹೊಸ ಪದರ ಕೂಡಿಸುವುದು ಕಷ್ಟ, ಮುರಿದರೆ ರಿಪೇರಿಯೂ ಕಷ್ಟ. ಎಲೆ-ಅಡಿಕೆ ಬಿಡಲಾರದವರು ಇದನ್ನು ಆರಿಸಿಕೊಳ್ಳದಿರುವುದೇ ಒಳ್ಳೆಯದು.

ಮೂರನೆಯದು ಕೋಬಾಲ್ಟ್-ಕ್ರೋಮಿಯಂ ಲೋಹದ ಚೌಕಟ್ಟಿನ ಅರೆ ಸೆಟ್. ತೆಳ್ಳಗಿದ್ದರೂ ಗಟ್ಟಿ, ಬೆಲೆ ಹೆಚ್ಚು. ಗಿಲೀಟು ಓಲೆ ಹಾಕಿದರೆ ಕಿವಿ ತುರಿಸಿ ನೀರಾಡುವವರಿಗೆ ನಿಕಲ್ ಒಗ್ಗದಿರುವ ಸಾಧ್ಯತೆ ಇದೆ. ಅಂಥವರು ಅಳತೆ ಕೊಡುವ ಮೊದಲೇ ಡಾಕ್ಟರಿಗೆ ಹೇಳಿ, ನಿಕಲ್ ಇಲ್ಲದ ಲೋಹ ಬೇಕೆಂದು ಕೇಳಬೇಕು.

ಸಂತೆಯಲ್ಲಿ, ಬಸ್‌ಸ್ಟ್ಯಾಂಡಿನ ಬದಿಯಲ್ಲಿ ಅರ್ಧ ಗಂಟೆಯಲ್ಲಿ ಹಲ್ಲು ಕೂಡಿಸಿ ಕೊಡುವವರ ಹತ್ತಿರ ಹೋಗಬೇಡಿ. ಅವರು ಬಳಸುವುದು ತಣ್ಣಗೇ ಗಟ್ಟಿಯಾಗುವ ಅಕ್ರಿಲಿಕ್. ಅದನ್ನು ಬಾಯಿಯಲ್ಲೇ ಕಲಸಿ ಕೂಡಿಸಿದಾಗ ಗಟ್ಟಿಯಾಗುವ ಹೊತ್ತಿಗೆ ಬಿಸಿ ಹುಟ್ಟಿ ಒಸಡು ಸುಡುತ್ತದೆ, ಮಾನೊಮರ್ ಕೂಡ ಹಲವು ಪಟ್ಟು ಹೆಚ್ಚು ಉಳಿಯುತ್ತದೆ. ಪಕ್ಕದ ಗಟ್ಟಿ ಹಲ್ಲುಗಳಿಗೆ ತಂತಿ ಸುತ್ತಿ ಬಿಚ್ಚಲಾಗದಂತೆ ಕಟ್ಟಿಬಿಡುವುದರಿಂದ ಕೆಳಗೆ ಕೊಳೆ ತುಂಬಿ ಆ ಹಲ್ಲುಗಳೂ ಹೋಗುತ್ತವೆ. ಮೇಲಿನ ಸೆಟ್ ಜಾರದಿರಲಿ ಎಂದು ಅಂಗುಳಕ್ಕೆ ತಾಗುವಲ್ಲಿ ರಬ್ಬರ್ ಬಿಲ್ಲೆ ಕೂಡಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಆ ಬಿಲ್ಲೆ ಒಂದೇ ಜಾಗವನ್ನು ಸದಾ ಎಳೆದು ಹಿಡಿದು, ಅಂಗುಳದ ಎಲುಬು ಸವೆದು ಮೂಗಿಗೆ ತೂತು ಬಿದ್ದ ಪ್ರಕರಣಗಳು ವೈದ್ಯಕೀಯ ದಾಖಲೆಗಳಲ್ಲಿವೆ.

ಮೊದಲ ತಿಂಗಳು

ಹಲ್ಲು ಕಿತ್ತ ದಿನವೇ ಸೆಟ್ ಕೂಡಿಸಿದ್ದರೆ ಮೊದಲ 24 ಗಂಟೆ ಬಿಚ್ಚಬೇಡಿ. ಬಿಚ್ಚಿದರೆ ಬಾವು ಬಂದು ಮತ್ತೆ ಹಾಕಲು ಆಗುವುದಿಲ್ಲ. ರಾತ್ರಿ ಬಿಚ್ಚುವ ನಿಯಮಕ್ಕೆ ಇದೊಂದೇ ವಿನಾಯಿತಿ, ಎಂದಿನಿಂದ ಬಿಚ್ಚಬೇಕೆಂದು ಡಾಕ್ಟರೇ ಹೇಳುತ್ತಾರೆ. ಗಾಯ ಮಾಗಿದ ಮೇಲೆ ಮಾಡಿಸಿದ ಸೆಟ್ಟಾದರೆ ಮೊದಲ ರಾತ್ರಿಯಿಂದಲೇ ನೀರಿಗೆ ಹಾಕಬಹುದು.

ಮೇಲಿನ ಸೆಟ್ ಅಂಗುಳವನ್ನೆಲ್ಲ ಮುಚ್ಚಿ ಜೊಲ್ಲಿನ ತೆಳು ಪದರದ ಬಲದಿಂದ ಹಿಡಿದುಕೊಳ್ಳುತ್ತದೆ. ಕೆಳಗಿನದಕ್ಕೆ ಆ ಅನುಕೂಲವಿಲ್ಲ. ಕುದುರೆ ಲಾಳದ ಆಕಾರದ ಅದನ್ನು ಕೂರಿಸಿಡಬೇಕಾದದ್ದು ನಾಲಿಗೆ ಮತ್ತು ಕೆನ್ನೆ. ಅದನ್ನು ಕಲಿಯಲು ಕೆಲವು ವಾರ ಬೇಕು. ಅಷ್ಟರಲ್ಲೇ ಬೇಸತ್ತು ಡಬ್ಬಿಯಲ್ಲಿಟ್ಟುಬಿಟ್ಟರೆ ಮುಂದೆ ಹಾಕಿಕೊಳ್ಳುವುದು ಇನ್ನೂ ಕಷ್ಟವಾಗುತ್ತದೆ. ದಿನಾ ಹತ್ತು ನಿಮಿಷ ಪೇಪರನ್ನು ಗಟ್ಟಿಯಾಗಿ ಓದಿಸಿದರೆ ಮಾತು ಬೇಗ ಹಿಡಿತಕ್ಕೆ ಬರುತ್ತದೆ.

ಊಟದ ವಿಷಯದಲ್ಲಿ ನಮ್ಮ ಕಡೆಯ ಅಡಿಗೆಯಲ್ಲೇ ಬೇಕಾದಷ್ಟು ಮೆತ್ತನೆಯದಿದೆ. ಮೊದಲ ವಾರ ಅಂಬಲಿ, ಜೋಳದ ನುಚ್ಚು, ಸಂಗಟಿ, ಚೆನ್ನಾಗಿ ಬೆಂದ ಅನ್ನ-ಬೇಳೆ. ಎರಡನೇ ವಾರದಿಂದ ಬಿಸಿ ರೊಟ್ಟಿಯನ್ನು ಸಣ್ಣಗೆ ಮುರಿದು, ಸಾರಿನಲ್ಲೋ ಹಾಲಿನಲ್ಲೋ ನೆನೆಸಿ. ಕಡಕ್ ರೊಟ್ಟಿಯನ್ನು ನೆನೆಸದೆ ತಿನ್ನುವುದು ಎಂದಿಗೂ ಬೇಡ. ಅಗಿಯುವಾಗ ಎರಡೂ ಕಡೆಯ ದವಡೆಗೆ ಸ್ವಲ್ಪ ಸ್ವಲ್ಪ ತುತ್ತು ಹಂಚಿ ಅಗಿಯಬೇಕು, ಒಂದೇ ಕಡೆ ಒತ್ತಿದರೆ ಇನ್ನೊಂದು ಕಡೆ ಸೆಟ್ ಎದ್ದುಕೊಳ್ಳುತ್ತದೆ. ಮುಂದಿನ ಹಲ್ಲಿನಿಂದ ಪೇರಲ, ಕಬ್ಬು ಕಚ್ಚುವ ಹಂಬಲ ಬಿಡಬೇಕು. ಸೆಟ್ಟಿನಿಂದ ಕಚ್ಚುವ ಬಲ ಸ್ವಂತ ಹಲ್ಲಿನ ಬಲದ ಕಾಲುಭಾಗದ ಆಸುಪಾಸಿನಲ್ಲಿರುತ್ತದೆ, ಅಷ್ಟೇ.

ಇನ್ನೊಂದು ಎಚ್ಚರಿಕೆ ಬಿಸಿ ಪದಾರ್ಥದ್ದು. ಅಂಗುಳ ಮುಚ್ಚಿರುವುದರಿಂದ ಬಿಸಿ ತಕ್ಷಣ ತಿಳಿಯುವುದಿಲ್ಲ. ಎಣ್ಣೆಯಿಂದ ಆಗಷ್ಟೇ ತೆಗೆದ ಮಿರ್ಚಿ, ಕುದಿಯುವ ಚಹಾ ನೇರ ಗಂಟಲಿಗೆ ಹೋಗಿ ಸುಡುತ್ತದೆ. ತುಟಿಗೆ ತಾಗಿಸಿ ನೋಡಿ ಬಾಯಿಗೆ ಹಾಕಿಕೊಳ್ಳುವುದನ್ನು ರೂಢಿ ಮಾಡಿಸಿ.

ಒಂದು ಜಾಗ ಚುಚ್ಚಿ ಗಾಯವಾದರೆ ಡಾಕ್ಟರ ಹತ್ತಿರ ಹೋಗಿ ಸರಿಪಡಿಸಿಕೊಳ್ಳಬೇಕು. ಮೊದಲ ತಿಂಗಳಲ್ಲಿ ಎರಡು-ಮೂರು ಸಲ ಹೋಗಬೇಕಾಗುವುದು ಸಹಜ. ಉಸುಕಿನ ಕಾಗದ, ಉಗುರು ಕತ್ತರಿಯ ಅರ, ಚಾಕು ಹಿಡಿದು ಮನೆಯಲ್ಲಿ ಉಜ್ಜಬಾರದು. ಎಲ್ಲಿ ಎಷ್ಟು ತೆಗೆಯಬೇಕೆಂದು ಡಾಕ್ಟರು ಸೆಟ್ಟಿನೊಳಗೆ ಪೇಸ್ಟ್ ಹಚ್ಚಿ, ಒತ್ತಿದ ಜಾಗ ನೋಡಿ ತೀರ್ಮಾನಿಸುತ್ತಾರೆ. ಒಂದು ಕೂದಲೆಳೆ ಹೆಚ್ಚು ಉಜ್ಜಿದರೂ ಅಂಚಿನಿಂದ ಗಾಳಿ ಹೊಕ್ಕು ಮೇಲಿನ ಸೆಟ್ ಹಿಡಿತ ಕಳೆದುಕೊಳ್ಳುತ್ತದೆ.

ದಿನದ ಸ್ವಚ್ಛತೆ

1. ಪ್ರತಿ ಊಟದ ನಂತರ ಬಿಚ್ಚಿ, ಸೆಟ್ಟನ್ನೂ ಬಾಯಿಯನ್ನೂ ನೀರಿನಿಂದ ತೊಳೆಯಿರಿ. ಶೇಂಗಾ ಚೂರು, ಗುರೆಳ್ಳು ಪುಡಿ, ಎಳ್ಳು ಸೆಟ್ಟಿನಡಿ ಸೇರಿದರೆ ಮರಳಿನ ಕಣ ಒತ್ತಿದಂತೆ ಒತ್ತಿ ಗಾಯ ಮಾಡುತ್ತವೆ.

2. ತೊಳೆಯುವಾಗ ಕೆಳಗೆ ಅರ್ಧ ನೀರು ತುಂಬಿದ ಬುಟ್ಟಿಯನ್ನೋ ಮಡಚಿದ ಟವೆಲ್ಲನ್ನೋ ಇಡಿ. ಶಹಾಬಾದ್ ಕಲ್ಲಿನ ಬಚ್ಚಲಿಗೆ ಬಿದ್ದ ಸೆಟ್ ಉಳಿಯುವುದು ಅಪರೂಪ. ಕೆಳಗಿನ ಸೆಟ್ಟನ್ನು ಎರಡು ತುದಿ ಹಿಡಿದು ಅಂಗೈಯಲ್ಲಿ ಹಿಸುಕಿದರೆ ನಡುವೆಯೇ ಮುರಿಯುತ್ತದೆ, ಆದ್ದರಿಂದ ಒಂದೊಂದು ಬದಿಯನ್ನು ಬೆರಳುಗಳಲ್ಲಿ ಹಿಡಿದು ತೊಳೆಯಿರಿ.

3. ದಿನಕ್ಕೊಮ್ಮೆ ಮೆತ್ತನೆಯ ಬ್ರಷ್‌ಗೆ ಪಾತ್ರೆ ತೊಳೆಯುವ ಲಿಕ್ವಿಡ್‌ನ ಎರಡು ಹನಿ ಅಥವಾ ಸಾದಾ ಕೈಸೋಪು ಹಚ್ಚಿ ಒಳಗೂ ಹೊರಗೂ ತಿಕ್ಕಿ. ಒಸಡಿಗೆ ಕೂರುವ ಒಳಭಾಗವನ್ನು ಬಹಳ ಜನ ಬಿಟ್ಟುಬಿಡುತ್ತಾರೆ, ಪಾಚಿ ಕಟ್ಟುವುದು ಅಲ್ಲೇ. ಟೂತ್‌ಪೇಸ್ಟ್, ಹಲ್ಲುಪುಡಿ, ಬೂದಿ, ಇದ್ದಿಲು, ಉಪ್ಪಿನ ಹರಳು ಬೇಡ. ಅಕ್ರಿಲಿಕ್ ಹಲ್ಲಿನಷ್ಟು ಗಟ್ಟಿಯಲ್ಲ, ಇವು ಕಣ್ಣಿಗೆ ಕಾಣದ ಗೀರುಗಳನ್ನು ಮಾಡುತ್ತವೆ. ಆ ಗೀರುಗಳಲ್ಲೇ ಫಂಗಸ್ ಮತ್ತು ಕಲೆ ಸೇರುತ್ತವೆ, ಎಷ್ಟು ತಿಕ್ಕಿದರೂ ಬಿಡುವುದಿಲ್ಲ.

4. ಬಾಯಿಯನ್ನೂ ಮರೆಯಬೇಡಿ. ಒಸಡು, ಅಂಗುಳ, ನಾಲಿಗೆಯನ್ನು ಒದ್ದೆ ಮೆತ್ತನೆ ಬಟ್ಟೆಯಿಂದ ಒರೆಸಿ, ಬೆರಳಿನಿಂದ ಒಂದು ನಿಮಿಷ ತಿಕ್ಕಿ. ಸ್ವಂತ ಹಲ್ಲು ಕೆಲವು ಉಳಿದಿದ್ದರೆ, ಸೆಟ್ಟಿನ ಕೊಂಡಿ ಹಿಡಿಯುವ ಹಲ್ಲುಗಳನ್ನು ಎಲ್ಲಕ್ಕಿಂತ ಜತನದಿಂದ ಬ್ರಷ್ ಮಾಡಬೇಕು. ಹುಳುಕು ಮೊದಲು ಹಿಡಿಯುವುದು ಅಲ್ಲಿ.

5. ರಾತ್ರಿ ಮುಚ್ಚಳವಿರುವ ಡಬ್ಬಿಯಲ್ಲಿ ಪೂರ್ತಿ ಮುಳುಗುವಷ್ಟು ಸಾದಾ ತಣ್ಣೀರಿನಲ್ಲಿಡಿ. ಬೆಳಿಗ್ಗೆ ಆ ನೀರು ಚೆಲ್ಲಿ, ಡಬ್ಬಿ ತಿಕ್ಕಿ ಒಣಗಿಸಿ, ಸೆಟ್ಟನ್ನು ತೊಳೆದು ಹಾಕಿಕೊಳ್ಳಿ.

ಮುಚ್ಚಳ ಬೇಕು ಎಂದದ್ದಕ್ಕೆ ಕಾರಣವಿದೆ. ಜೊಲ್ಲಿನ ವಾಸನೆಗೆ ನಾಯಿ ಸೆಟ್ ಕಚ್ಚಿಕೊಂಡು ಹೋಗುವುದುಂಟು. ಪೇಪರಿನಲ್ಲಿ ಸುತ್ತಿಟ್ಟ ಸೆಟ್ ಕಸದ ಜೊತೆ ಹೋಗುವುದೂ ಅಷ್ಟೇ ಸಾಮಾನ್ಯ, ಅದರಲ್ಲೂ ಮದುವೆ ಮನೆಯಲ್ಲಿ ಮತ್ತು ಆಸ್ಪತ್ರೆಯಲ್ಲಿ.

ನೀರು ಮತ್ತು ಬಿಸಿಲು

ರಾಯಚೂರು, ಕೊಪ್ಪಳ, ಬಳ್ಳಾರಿ ಈ ನಮ್ಮ ಮೂರೂ ಜಿಲ್ಲೆಗಳ ಅನೇಕ ಊರುಗಳಲ್ಲಿ ಬೋರಿನ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಅದರಿಂದ ಸೆಟ್ಟಿಗೇನೂ ಆಗುವುದಿಲ್ಲ. ತೊಂದರೆ ಕೊಡುವುದು ನೀರಿನ ಗಡಸುತನ. ದಿನಾ ಬೋರಿನ ನೀರಿನಲ್ಲಿ ನೆನೆಸಿದರೆ, ಕೊಡದ ಒಳಗೆ ಕಟ್ಟುವಂಥ ಬಿಳಿ ಪದರ ಸೆಟ್ಟಿನ ಮೇಲೂ ಕೂತು ಒರಟಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರನ್ನೇ ಒಂದು ಲೋಟ ಇದಕ್ಕೆ ತೆಗೆದಿಡಿ.

ಅಕ್ರಿಲಿಕ್ ನೀರು ಹೀರಿಕೊಂಡು ತನ್ನ ಅಳತೆಯಲ್ಲಿ ನಿಲ್ಲುವ ವಸ್ತು. ಏಪ್ರಿಲ್-ಮೇ ತಿಂಗಳ ರಾಯಚೂರು ಬಿಸಿಲಿನಲ್ಲಿ ಕಿಟಕಿಯ ಮೇಲೆ ಒಣಗಲು ಬಿಟ್ಟರೆ ಸ್ವಲ್ಪ ಕುಗ್ಗುತ್ತದೆ. ಒಣಗುವುದು, ನೆನೆಯುವುದು ಮತ್ತೆ ಮತ್ತೆ ನಡೆದರೆ ಹಲ್ಲಿನ ಬುಡದಲ್ಲಿ ಸಣ್ಣ ಬಿರುಕು ಏಳುತ್ತವೆ. ಕುದಿಯುವ ನೀರು ಇನ್ನೂ ಕೆಟ್ಟದ್ದು. ಕ್ರಿಮಿ ಸಾಯಲಿ ಎಂದು ಬಿಸಿನೀರಿಗೆ ಹಾಕಿದ ಸೆಟ್ ಸೊಟ್ಟಗಾಗುತ್ತದೆ, ಸೊಟ್ಟಗಾದದ್ದನ್ನು ಮತ್ತೆ ನೆಟ್ಟಗೆ ಮಾಡಲು ಬರುವುದಿಲ್ಲ. ಕೈಗೆ ಬೆಚ್ಚಗೆನಿಸುವಷ್ಟೇ ಮಿತಿ.

ವಾರಕ್ಕೊಮ್ಮೆಯ ದ್ರಾವಣ

ಮೆಡಿಕಲ್ ಶಾಪಿನಲ್ಲಿ ಸಿಗುವ ಸೆಟ್ ತೊಳೆಯುವ ಪುಡಿ ಅಥವಾ ಮಾತ್ರೆಯನ್ನು ಪೊಟ್ಟಣದ ಮೇಲೆ ಹೇಳಿದಷ್ಟು ಉಗುರುಬೆಚ್ಚಗಿನ ನೀರಿಗೆ ಹಾಕಿ, ಹೇಳಿದಷ್ಟೇ ಹೊತ್ತು ನೆನೆಸಿ, ಬ್ರಷ್‌ನಿಂದ ತಿಕ್ಕಿ ಚೆನ್ನಾಗಿ ತೊಳೆಯಿರಿ. ಇವುಗಳಲ್ಲಿ ಪರ್‌ಸಲ್ಫೇಟ್ ಇರುವುದುಂಟು, ಕೆಲವರಿಗೆ ಅದು ಒಗ್ಗದೆ ಬಾಯಿ ಊದಿಕೊಳ್ಳುತ್ತದೆ. ಸೆಟ್ ಬಾಯಿಯಲ್ಲಿದ್ದಾಗ ಬಳಸುವುದಾಗಲಿ, ಆ ನೀರಿನಿಂದ ಬಾಯಿ ಮುಕ್ಕಳಿಸುವುದಾಗಲಿ ಕೂಡದು. ಕಣ್ಣು ಮಂದವಾದ ಹಿರಿಯರಿರುವ ಮನೆಯಲ್ಲಿ ಈ ಮಾತ್ರೆಗಳನ್ನು ಬಿಪಿ-ಶುಗರ್ ಮಾತ್ರೆಗಳ ಹತ್ತಿರ ಇಡಬೇಡಿ.

ಅಂಚಿನಲ್ಲಿ ಹಳದಿ ಬಣ್ಣದ ಗಟ್ಟಿ ಪಾಚಿ ಕಟ್ಟಿದ್ದರೆ ಬಿಳಿ ವಿನೆಗರ್ ಮತ್ತು ನೀರನ್ನು ಸಮನಾಗಿ ಬೆರೆಸಿ ಅರ್ಧ ಗಂಟೆ ನೆನೆಸಿ ಬ್ರಷ್ ಮಾಡಿ. ಹೋಗದಿದ್ದರೆ ಚಾಕುವಿನಿಂದ ಕೆರೆಯದೆ ಡಾಕ್ಟರಿಗೆ ಕೊಡಿ.

ಫಂಗಸ್ ಆಗಿದ್ದಾಗ ಬ್ಲೀಚ್ ದ್ರಾವಣ ಬಳಸಲು ಡಾಕ್ಟರು ಹೇಳಬಹುದು. ಬಣ್ಣ, ಸುವಾಸನೆ ಇಲ್ಲದ ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ ಹತ್ತು ಪಾಲು ನೀರು ಬೆರೆಸಿ, ಹೆಚ್ಚೆಂದರೆ 10 ನಿಮಿಷ. ಅದಕ್ಕಿಂತ ಹೆಚ್ಚು ಹೊತ್ತು ಇಟ್ಟರೆ ಗುಲಾಬಿ ಬಣ್ಣ ಬಿಳಿಚಿಕೊಳ್ಳುತ್ತದೆ. ಆಮೇಲೆ ಹರಿಯುವ ನೀರಿನಲ್ಲಿ ಎರಡು ನಿಮಿಷ ತೊಳೆಯಬೇಕು. ಲೋಹವಿರುವ ಸೆಟ್ಟಿಗೆ ಬ್ಲೀಚ್ ಬೇಡ, ವಿನೆಗರೂ ಬೇಡ, ಎರಡೂ ಲೋಹವನ್ನು ತಿನ್ನುತ್ತವೆ. ನೈಲಾನಿಗೂ, ಒಳಗೆ ಮೆತ್ತನೆ ಪದರ ಕೂಡಿಸಿದ ಸೆಟ್ಟಿಗೂ ಬ್ಲೀಚ್ ಬೇಡ. ಲೋಹವಿದ್ದರೆ ಶೇ 0.2ರ ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶ್‌ನಲ್ಲಿ ಕಾಲು ಗಂಟೆ ನೆನೆಸಬಹುದು, ಆದರೆ ದಿನಾ ಮಾಡಿದರೆ ಕಂದು ಕಲೆ ಹಿಡಿಯುತ್ತದೆ.

ಬ್ಲೀಚ್ ಮತ್ತು ವಿನೆಗರ್ ಬೆರೆಸಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಿನಲ್ಲಿ ಅದು ಜೀವಕ್ಕೇ ಅಪಾಯ. ಒಂದು ದಿನ ಒಂದೇ ದ್ರಾವಣ, ಅದೂ ಬೇರೆ ಡಬ್ಬಿಯಲ್ಲಿ.

ಬಾಯಿಯಲ್ಲಿ ಏನು ಕಂಡರೆ ಏನರ್ಥ

ಮೇಲಿನ ಸೆಟ್ ಬಿಚ್ಚಿಸಿ ಟಾರ್ಚ್ ಹಾಕಿ ನೋಡಿ. ಸೆಟ್ ಮುಚ್ಚುವಷ್ಟೇ ಜಾಗ ಗೆರೆ ಎಳೆದಂತೆ ಕೆಂಪಾಗಿದ್ದರೆ ಅದು ಬಹುಮಟ್ಟಿಗೆ ಕ್ಯಾಂಡಿಡಾ ಫಂಗಸ್‌ನ ಕೆಲಸ. ಹೆಚ್ಚಿನವರಿಗೆ ನೋವೇ ಇರುವುದಿಲ್ಲ, ಆದ್ದರಿಂದ ಯಾರೂ ಹೇಳಿಕೊಳ್ಳುವುದಿಲ್ಲ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ದಮ್ಮಿಗೆ ಇನ್‌ಹೇಲರ್ ಎಳೆಯುವವರಿಗೆ, ಮಾತ್ರೆಗಳಿಂದ ಬಾಯಿ ಒಣಗುವವರಿಗೆ ಇದು ಬೇಗ ಬರುತ್ತದೆ. ಡಾಕ್ಟರು ಬಾಯಿಗೆ ಹಚ್ಚುವ ಔಷಧಿಯನ್ನು ಒಂದೆರಡು ವಾರಕ್ಕೆ ಕೊಡುತ್ತಾರೆ. ಬಾಯಿಗೆ ಮಾತ್ರ ಹಚ್ಚಿ ಸೆಟ್ಟನ್ನು ಶುದ್ಧ ಮಾಡದಿದ್ದರೆ ಫಂಗಸ್ ಸೆಟ್ಟಿನಿಂದಲೇ ಮರಳುತ್ತದೆ. ರಕ್ತ ತೆಳುವಾಗಲು ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಫಂಗಸ್‌ಗೆ ಹಚ್ಚುವ ಮೈಕೊನಜೋಲ್ ಜೆಲ್ಲನ್ನು ತಾವೇ ಕೊಂಡು ಹಚ್ಚಿಕೊಳ್ಳಬಾರದು, ಎರಡೂ ಸೇರಿದರೆ ರಕ್ತಸ್ರಾವದ ಅಪಾಯವಿದೆ. ಅಕ್ರಿಲಿಕ್ ಅಲರ್ಜಿ ಎಂದು ಬಹಳ ಜನ ತಿಳಿಯುತ್ತಾರೆ. ನಿಜವಾದ ಅಲರ್ಜಿ ಅಪರೂಪ. ಹೊಸ ಸೆಟ್ ಮಾಡಿಸುವ ಮೊದಲು ಫಂಗಸ್, ಒತ್ತಡ, ಒಣಬಾಯಿ ಇವುಗಳನ್ನು ಪರೀಕ್ಷಿಸಿಕೊಳ್ಳಿ.

ರಾತ್ರಿ ಬಿಚ್ಚಬೇಕೆನ್ನಲು ಇನ್ನೊಂದು ಕಾರಣ ಶ್ವಾಸಕೋಶ. ಜಪಾನಿನಲ್ಲಿ 85 ದಾಟಿದ ಹಿರಿಯರ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೆಟ್ ಹಾಕಿಕೊಂಡೇ ಮಲಗುವವರಿಗೆ ನ್ಯುಮೋನಿಯಾ ಅಪಾಯ ಎರಡು ಪಟ್ಟಿಗಿಂತ ಹೆಚ್ಚು ಕಂಡುಬಂತು. ಒಂದೆರಡು ಹಲ್ಲಿನ ಸಣ್ಣ ಸೆಟ್ಟಾದರೆ ನಿದ್ದೆಯಲ್ಲಿ ನುಂಗುವ ಭಯವೂ ಇದೆ. ಸಾದಾ ಅಕ್ರಿಲಿಕ್ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ. ಬೆಳಿಗ್ಗೆ ಸೆಟ್ ಕಾಣೆಯಾಗಿ, ಗಂಟಲು ನೋಯುತ್ತಿದ್ದರೆ ಡಾಕ್ಟರಿಗೆ ಆ ಮಾತನ್ನು ಬಿಡಿಸಿ ಹೇಳಲೇಬೇಕು.

ತುಟಿಯ ಮೂಲೆಗಳು ಒಡೆದು ಸದಾ ಒದ್ದೆಯಾಗಿದ್ದರೆ ಬರೇ ಮುಲಾಮಿನಿಂದ ವಾಸಿಯಾಗುವುದು ಕಷ್ಟ. ಸೆಟ್ಟಿನ ಹಲ್ಲು ಸವೆದು ದವಡೆಗಳು ಹತ್ತಿರ ಬಂದು, ಮೂಲೆಯಲ್ಲಿ ಮಡಿಕೆ ಬಿದ್ದು ಜೊಲ್ಲು ನಿಲ್ಲುತ್ತಿರಬಹುದು. ಸೆಟ್ ಬದಲಿಸಿದರೇನೇ ಅದು ನಿಲ್ಲುವುದು. ಅಂಚಿನಲ್ಲಿ ಮಾಂಸ ಪದರಪದರವಾಗಿ ಬೆಳೆದಿದ್ದರೆ ಸಡಿಲ ಸೆಟ್ ಬಹುಕಾಲ ಕೊರೆದಿದೆ ಎಂದರ್ಥ.

ಗಾಯವೊಂದು ಸೆಟ್ ಬಿಚ್ಚಿಟ್ಟ ಮೇಲೂ ಎರಡು ವಾರದಲ್ಲಿ ಮಾಗದಿದ್ದರೆ ಮೂರನೇ ವಾರಕ್ಕೆ ಕಾಯಬೇಡಿ. ನೋವಿಲ್ಲದ ಬಿಳಿ ಅಥವಾ ಕೆಂಪು ಮಚ್ಚೆ, ಗಟ್ಟಿ ಅಂಚಿನ ಹುಣ್ಣು, ಕುತ್ತಿಗೆಯಲ್ಲಿ ಗಂಟು ಇದ್ದರೂ ಅಷ್ಟೇ. ತಂಬಾಕು, ಗುಟ್ಕಾ, ಅಡಿಕೆ ಹಾಕುವವರಲ್ಲಿ ಇದು ಕ್ಯಾನ್ಸರ್ ಆಗಿರಬಹುದು, ಸೆಟ್ ಒತ್ತಿದ ಗಾಯವೆಂದು ತಿಂಗಳುಗಟ್ಟಲೆ ಕೂತರೆ ಕೈಮೀರುತ್ತದೆ.

‘ಸೆಟ್ ಸಡ್ಲ ಆಗೈತ್ರಿ’

ಸೆಟ್ ಹಾಗೇ ಇರುತ್ತದೆ, ಕರಗುವುದು ಅದರಡಿಯ ಎಲುಬು. ಹಲ್ಲು ಕಿತ್ತ ಮೊದಲ ವರ್ಷದಲ್ಲಿ ಅತಿ ವೇಗವಾಗಿ, ಆಮೇಲೆ ನಿಧಾನವಾಗಿ ಜೀವನವಿಡೀ ಕರಗುತ್ತದೆ, ಮೇಲಿನದಕ್ಕಿಂತ ಕೆಳದವಡೆಯಲ್ಲಿ ಸುಮಾರು ನಾಲ್ಕು ಪಟ್ಟು. ಆದ್ದರಿಂದ ವರ್ಷಕ್ಕೊಮ್ಮೆ ತೋರಿಸಿ. ಹಲ್ಲುಗಳು ಸವೆಯದೆ ಚೆನ್ನಾಗಿದ್ದರೆ ಒಳಗೆ ಹೊಸ ಪದರ ಕೂಡಿಸುವ ರಿಲೈನಿಂಗ್ ಸಾಕು, ಸವೆದಿದ್ದರೆ ಹೊಸ ಸೆಟ್ ಬೇಕು. ಐದರಿಂದ ಏಳು ವರ್ಷಕ್ಕೆ ಆ ಮಾತು ಬರುತ್ತದೆಂದು ಮೊದಲೇ ಲೆಕ್ಕ ಇಟ್ಟುಕೊಳ್ಳಿ.

ಅಂಟಿಸುವ ಪೇಸ್ಟ್ ಸಡಿಲ ಸೆಟ್ಟಿಗೆ ಪರಿಹಾರವಲ್ಲ. ಬಳಸುವುದಾದರೆ ಒಂದು ಸೆಟ್ಟಿಗೆ ಬಟಾಣಿ ಗಾತ್ರದ ಮೂರು-ನಾಲ್ಕು ಚುಕ್ಕೆ, ದಿನಕ್ಕೊಮ್ಮೆ, ರಾತ್ರಿ ಪೂರ್ತಿ ಒರೆಸಿ ತೆಗೆಯಬೇಕು. ಸತು ಇಲ್ಲದ್ದನ್ನೇ ಕೊಳ್ಳಿ. ಸತುವಿರುವ ಪೇಸ್ಟನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರ ದೇಹದಲ್ಲಿ ತಾಮ್ರದ ಅಂಶ ಇಳಿದು ಕೈಕಾಲು ಜೋಮು ಹಿಡಿದು ನರಗಳಿಗೆ ಹಾನಿಯಾಗಿದೆ. 2010ರಲ್ಲಿ ಗ್ಲಾಕ್ಸೋಸ್ಮಿತ್‌ಕ್ಲೈನ್ ತನ್ನ ಸತುವಿರುವ ಪೇಸ್ಟುಗಳನ್ನು ನಿಲ್ಲಿಸಿದ್ದು ಇದೇ ಕಾರಣಕ್ಕೆ.

ಮೇಲಿನ ಸೆಟ್ ಅಗಿಯುವಾಗಲೇ ನಡುವೆ ಸೀಳಿದರೆ, ಅದು ಅಂಗುಳದ ನಡುಗೆರೆಯ ಮೇಲೆ ತೂಗಾಡುತ್ತಿತ್ತು ಎಂದರ್ಥ. ರಿಪೇರಿಯ ಜೊತೆಗೆ ರಿಲೈನಿಂಗ್ ಮಾಡಿಸದಿದ್ದರೆ ಅಲ್ಲೇ ಮತ್ತೆ ಸೀಳುತ್ತದೆ. ಫೆವಿಕ್ವಿಕ್ ಹಚ್ಚಬೇಡಿ. ಅದು ಬಾಯಿಗೆ ಹಾಕುವ ಸಾಮಾನಲ್ಲ, ಒಮ್ಮೆ ಹಚ್ಚಿದ ಮೇಲೆ ಚೂರುಗಳು ಲ್ಯಾಬಿನಲ್ಲೂ ಸರಿಯಾಗಿ ಕೂಡುವುದಿಲ್ಲ. ಎಲ್ಲ ಚೂರುಗಳನ್ನೂ ಹುಡುಕಿ ನೀರಿರುವ ಡಬ್ಬಿಗೆ ಹಾಕಿ ಒಯ್ಯಿರಿ. ರಿಪೇರಿಗೆ ಬಳಸುವುದು ತಣ್ಣಗೆ ಗಟ್ಟಿಯಾಗುವ ಅಕ್ರಿಲಿಕ್, ಆದ್ದರಿಂದ ಮನೆಗೆ ತಂದ ಮೇಲೆ ಒಂದು ರಾತ್ರಿ ನೆನೆಸಿಯೇ ಹಾಕಿಕೊಳ್ಳಬೇಕು.

ಎಲ್ಲಿಗೆ, ಏನು ಹಿಡಿದು ಹೋಗಬೇಕು

ರಾಯಚೂರಿನಲ್ಲಿ ನವೋದಯ ಮತ್ತು ಎ.ಎಂ.ಇ. ದಂತ ಕಾಲೇಜುಗಳಿವೆ, ಬಳ್ಳಾರಿಯಲ್ಲಿ ಸರ್ಕಾರಿ ದಂತ ಕಾಲೇಜಿದೆ. ಒಪಿಡಿಯಲ್ಲಿ ಪ್ರಾಸ್ಥೊಡಾಂಟಿಕ್ಸ್ ವಿಭಾಗ ಎಂದು ಕೇಳಿ, ಸೆಟ್ ಮಾಡುವವರು ಅವರೇ. ಕೊಪ್ಪಳದವರು ಮೊದಲು ಜಿಲ್ಲಾಸ್ಪತ್ರೆಯ ದಂತ ವಿಭಾಗದಲ್ಲಿ ತೋರಿಸಬಹುದು. ಬಿಪಿಎಲ್ ಕುಟುಂಬದ ಹಿರಿಯರಿಗೆ ಉಚಿತವಾಗಿ ಸೆಟ್ ಕೊಡಲೆಂದು ರಾಜ್ಯ ಸರ್ಕಾರ ದಂತ ಭಾಗ್ಯ ಯೋಜನೆ ತಂದಿತ್ತು. ಈಗಿನ ವಯಸ್ಸಿನ ಮಿತಿ, ಬೇಕಾದ ಕಾಗದಗಳನ್ನು ಅಲ್ಲೇ ವಿಚಾರಿಸಿ, ರೇಷನ್ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ಪೂರ್ತಿ ಸೆಟ್ಟಿಗೆ ಅಳತೆ, ಮೇಣದ ಕಚ್ಚು, ಮೇಣದಲ್ಲೇ ಹಲ್ಲು ಕೂಡಿಸಿ ನೋಡುವುದು, ಕೂಡಿಸುವುದು ಎಂದು ಐದಾರು ಸಲ ಹೋಗಬೇಕಾಗುತ್ತದೆ. ಬಿತ್ತನೆ, ಸುಗ್ಗಿಯ ನಡುವೆ ಶುರು ಮಾಡಿ ಅರ್ಧಕ್ಕೆ ಬಿಟ್ಟರೆ ಅಳತೆಯನ್ನು ಮತ್ತೆ ಮೊದಲಿನಿಂದ ತೆಗೆಯಬೇಕು.

ತೆಗೆದುಕೊಳ್ಳುವ ಮಾತ್ರೆಗಳ ಚೀಟಿ, ಇತ್ತೀಚಿನ ಶುಗರ್ ರಿಪೋರ್ಟ್, ಹಳೆಯ ಸೆಟ್ ಎಷ್ಟೇ ಕೆಟ್ಟಿರಲಿ ಅದು, ಇಷ್ಟು ಕೈಯಲ್ಲಿರಲಿ. ಚುಚ್ಚುವ ಗಾಯ ತೋರಿಸಲು ಹೋಗುವವರು ಹಿಂದಿನ ದಿನದಿಂದ ಹಗಲು ಹೊತ್ತು ಸೆಟ್ ಹಾಕಿಕೊಂಡಿರಬೇಕು, ಇಲ್ಲವಾದರೆ ಒತ್ತಿದ ಗುರುತು ಮಾಸಿ ಡಾಕ್ಟರಿಗೆ ಜಾಗ ಸಿಗುವುದಿಲ್ಲ. ಹೊಸ ಸೆಟ್ಟಿಗೋ ರಿಲೈನಿಂಗಿಗೋ ಅಳತೆ ಕೊಡಲು ಹೋಗುವವರು ಇದಕ್ಕೆ ತಿರುಗಾಮುರುಗಾ ಮಾಡಬೇಕು. ಕನಿಷ್ಠ ಒಂದು ಇಡೀ ದಿನ ಹಳೆಯ ಸೆಟ್ ಬಿಚ್ಚಿಟ್ಟು, ಒತ್ತಿ ಬಾತ ಒಸಡು ತನ್ನ ಆಕಾರಕ್ಕೆ ಮರಳಿದ ಮೇಲೆ ಹೋಗಬೇಕು. ಬಾತ ಒಸಡಿನ ಮೇಲೆ ತೆಗೆದ ಅಳತೆಯ ಸೆಟ್ ಬಾವು ಇಳಿದ ಕೂಡಲೇ ಸಡಿಲಾಗುತ್ತದೆ.